ಹವಳದ ಗೋಡೆಯ ಬಂದರು: ಕಾರ್ತಹೇನ

ದಕ್ಷಿಣ ಅಮೆರಿಕ ಖಂಡದ ಉತ್ತರದ ಅಂಚಿನಲ್ಲಿ, ಕೊಲಂಬಿಯಾ ದೇಶದ ಕೆರಿಬಿಯನ್ ಕರಾವಳಿಯಲ್ಲಿರುವ ಕಾರ್ತಹೇನ ನಗರದ ಪೂರ್ಣ ಹೆಸರು 'ಕಾರ್ತಹೇನ ದೆ ಇಂದಿಯಾಸ್', ಎಂದರೆ 'ಇಂಡೀಸಿನ ಕಾರ್ತಹೇನ'. ಸ್ಪೇನಿನಲ್ಲಿ ಇದೇ ಹೆಸರಿನ ಪುರಾತನ ಬಂದರೊಂದು ಇರುವುದರಿಂದ ಎರಡಕ್ಕೂ ವ್ಯತ್ಯಾಸ ತಿಳಿಯಲೆಂದು ಸೇರಿಸಿದ 'ಇಂದಿಯಾಸ್' ಎಂಬ ಪದವು, 1492ರಲ್ಲಿ ಅಟ್ಲಾಂಟಿಕ್ ದಾಟಿದ ಕೊಲಂಬಸ್ ತಾನು ಮುಟ್ಟಿದ ನೆಲವನ್ನು ಭಾರತದ ಕಡೆಯ ದ್ವೀಪಗಳೆಂದೇ ನಂಬಿದ್ದನೆಂಬುದಕ್ಕೆ ಇಂದಿಗೂ ಸಾಕ್ಷಿಯಾಗಿದೆ. 1533ರಲ್ಲಿ ಪೇದ್ರೊ ದೆ ಎರೇದಿಯ ಎಂಬ ಸ್ಪ್ಯಾನಿಷ್ ದಂಡನಾಯಕನು ಇಲ್ಲಿ ಊರು ಕಟ್ಟುವ ಮೊದಲು ಈ ಜಾಗದಲ್ಲಿ ಕಾಲಮಾರಿ ಎಂಬ ಮೂಲನಿವಾಸಿಗಳ ಹಳ್ಳಿಯಿತ್ತು. ಆ ಹಳ್ಳಿಯ ಜನರೊಡನೆ ಮಾತುಕತೆ ನಡೆಸಲು ಎರೇದಿಯನಿಗೆ ದುಭಾಷಿಯಾಗಿ ಒದಗಿದವಳು ಕಾತಲೀನ ಎಂಬ ಹೆಣ್ಣುಮಗಳು. ಬಾಲ್ಯದಲ್ಲೇ ಈ ತೀರದಿಂದ ಅಪಹರಣಕ್ಕೊಳಗಾಗಿ, ಸ್ಪ್ಯಾನಿಷರ ನಡುವೆ ಬೆಳೆದು, ತನ್ನ ನಾಡಿಗೆ ಪರರ ಬಾಯಿಯಾಗಿ ಮರಳಿದ ಆಕೆಯ ಕಂಚಿನ ಪ್ರತಿಮೆಯು ಈಗ ಕೋಟೆಯ ಹೊರಗಿನ ರಸ್ತೆಯ ಕೂಡುವೃತ್ತದಲ್ಲಿ ನಿಂತಿದೆ.

ಪ್ರವಾಸೋದ್ಯಮದ ಚಿತ್ರಗಳಲ್ಲಿ ಕಾಣುವ ಕಾರ್ತಹೇನವೆಂದರೆ ಅರಿಸಿನ, ಕಾವಿ, ನೀಲಿ ಬಣ್ಣ ಬಳಿದ ಗೋಡೆಗಳು, ಕಾಗದದ ಹೂವಿನ ಬಳ್ಳಿ ಇಳಿಬಿದ್ದ ಮರದ ಉಪ್ಪರಿಗೆ ಜಗಲಿಗಳು, ಕಿರಿದಾದ ಕಲ್ಲುಹಾದಿಗಳು. ಇವೆಲ್ಲ ನಿಜವಾಗಿಯೂ ಇವೆ, ನಿಜವಾಗಿಯೂ ಸುಂದರವಾಗಿವೆ. ಆದರೆ ಈ ಸೊಬಗನ್ನು ಕಟ್ಟಿದ ಹಣ ಎಲ್ಲಿಂದ ಬಂತು, ಕಲ್ಲನ್ನು ಯಾರು ಹೊತ್ತರು, ಯಾರ ಭಯಕ್ಕೆ ಇಷ್ಟು ದಪ್ಪದ ಗೋಡೆ ಎದ್ದಿತು ಎಂಬುದನ್ನು ತಿಳಿಯದೆ ನೋಡಿದರೆ ಊರಿನ ಅರ್ಧವನ್ನಷ್ಟೇ ನೋಡಿದಂತಾಗುತ್ತದೆ; ಏಕೆಂದರೆ ಇಲ್ಲಿನ ಪ್ರತಿಯೊಂದು ಪ್ರೇಕ್ಷಣೀಯ ಸ್ಥಳದ ಹಿಂದೆಯೂ ಬೆಳ್ಳಿಯ ವ್ಯಾಪಾರ ಮತ್ತು ಮನುಷ್ಯರ ವ್ಯಾಪಾರ ಎಂಬ ಎರಡು ವ್ಯವಹಾರಗಳು ಒಂದಕ್ಕೊಂದು ಹೆಣೆದುಕೊಂಡಿವೆ.

ಈ ಜಾಗದಲ್ಲೇ ಬಂದರು ಬೆಳೆದುದಕ್ಕೆ ಭೂಗೋಳವೇ ಕಾರಣ. ತೆರೆದ ಕಡಲಿನ ಅಬ್ಬರಕ್ಕೆ ಸಿಗದಂತೆ ತಿಯೆರ್ರ ಬೊಂಬ ಎಂಬ ದ್ವೀಪದ ಮರೆಯಲ್ಲಿ ವಿಶಾಲವಾದ, ಆಳವಾದ ಕೊಲ್ಲಿಯೊಂದು ಇಲ್ಲಿದ್ದು, ಅದರೊಳಗೆ ನುಗ್ಗಲು ಇದ್ದುದು ಎರಡೇ ದಾರಿಗಳು: 'ದೊಡ್ಡ ಬಾಯಿ' ಎಂಬರ್ಥದ ಬೊಕಗ್ರಾಂದೆ ಮತ್ತು 'ಸಣ್ಣ ಬಾಯಿ' ಎಂಬರ್ಥದ ಬೊಕಚೀಕ. ಪೆರುವಿನ ಬೆಳ್ಳಿಯನ್ನು ಪನಾಮದ ಭೂಸಂಧಿಯ ಮೂಲಕ ಸ್ಪೇನಿಗೆ ಸಾಗಿಸುತ್ತಿದ್ದ ಗ್ಯಾಲಿಯನ್‌ಗಳು, ಅಂದರೆ ಸರಕನ್ನೂ ಫಿರಂಗಿಯನ್ನೂ ಒಟ್ಟಿಗೆ ಹೊರಬಲ್ಲ ಬಹುಅಂತಸ್ತಿನ ಹಾಯಿಹಡಗುಗಳು, ಗುಂಪುಗುಂಪಾಗಿ ಈ ಕೊಲ್ಲಿಯಲ್ಲಿ ತಂಗಿ, ದುರಸ್ತಿ ಮಾಡಿಕೊಂಡು, ಹವಾನದ ದಾರಿ ಹಿಡಿದು ಯುರೋಪಿಗೆ ಮರಳುತ್ತಿದ್ದವು. 1650ರಲ್ಲಿ ಒಳನಾಡಿನ ಮಗ್ದಲೇನ ನದಿಗೂ ಈ ಕೊಲ್ಲಿಗೂ ಸಂಪರ್ಕ ಕಲ್ಪಿಸುವ 'ಕನಾಲ್ ದೆಲ್ ದೀಕೆ' ಎಂಬ ಕಾಲುವೆಯನ್ನು ತೋಡಿದ ಮೇಲೆ ದೇಶದ ಒಳಭಾಗದ ಸರಕೂ ದೋಣಿಯಲ್ಲೇ ಬಂದರಿಗೆ ಇಳಿಯುವಂತಾಯಿತು. ಬೆಳ್ಳಿ ಹೊರಹೋಗುತ್ತಿದ್ದ ಇದೇ ಬಾಗಿಲಿನಿಂದ ಆಫ್ರಿಕದ ಜನರು ಸಂಕೋಲೆಯಲ್ಲಿ ಒಳಬಂದರು. ಅಮೆರಿಕದ ತನ್ನ ಸಾಮ್ರಾಜ್ಯದಲ್ಲಿ ಗುಲಾಮರನ್ನು ಇಳಿಸಲು ಸ್ಪೇನಿನ ಅರಸೊತ್ತಿಗೆಯು ಅಧಿಕೃತ ಅನುಮತಿ ಕೊಟ್ಟಿದ್ದ ಬಂದರುಗಳು ಬೆರಳೆಣಿಕೆಯಷ್ಟಿದ್ದು, ಅವುಗಳಲ್ಲಿ ಕಾರ್ತಹೇನ ಪ್ರಮುಖವಾದುದಾಗಿತ್ತು. ಈ ಅನುಮತಿಯ ಗುತ್ತಿಗೆಗೆ 'ಅಸಿಯೆಂತೊ' ಎಂಬ ಹೆಸರಿತ್ತು. ಮೊದಲು ಪೋರ್ಚುಗೀಸ್ ವರ್ತಕರ ಕೈಯಲ್ಲಿದ್ದ ಅದು 1713ರ ಒಪ್ಪಂದದಿಂದ ಬ್ರಿಟಿಷರ ಸೌತ್ ಸೀ ಕಂಪನಿಯ ಪಾಲಾಯಿತು.

ಹಳೆಯ ಊರನ್ನು ನೋಡಹೋಗುವವರು ಸಾಮಾನ್ಯವಾಗಿ ಒಳಹೊಗುವುದು ಗಡಿಯಾರ ಗೋಪುರದ ಕೆಳಗಿನ ಕಮಾನಿನಿಂದ. ಹಿಂದೆ ಇಲ್ಲಿ ನೀರಿನ ಮೇಲಿನ ಸೇತುವೆಯೊಂದು ಬಂದು ಮುಟ್ಟುತ್ತಿದ್ದ ಕೋಟೆಬಾಗಿಲಿತ್ತು. ಈಗಿನ ಗೋಪುರದ ಮೇಲ್ಭಾಗವು 1888ರದು. ಕಮಾನು ದಾಟಿದೊಡನೆ ತೆರೆದುಕೊಳ್ಳುವ ತ್ರಿಕೋನಾಕಾರದ ಚೌಕಕ್ಕೆ ಈಗ 'ಗಾಡಿಗಳ ಚೌಕ' ಎಂಬರ್ಥದ ಪ್ಲಾಸ ದೆ ಲೊಸ್ ಕೊಚೆಸ್ ಎಂಬ ಹೆಸರಿದ್ದು, ಒಂದು ಕಾಲಕ್ಕೆ ಹಡಗಿನಿಂದ ಇಳಿಸಿದ ಆಫ್ರಿಕನ್ನರನ್ನು ಹರಾಜು ಹಾಕುತ್ತಿದ್ದ ಸಂತೆ ಇದೇ ಆಗಿತ್ತು. ಹಳದಿ ಗೋಪುರ, ಕಮಾನುಸಾಲಿನ ಮಿಠಾಯಿ ಅಂಗಡಿಗಳು, ನಡುವೆ ಎರೇದಿಯನ ಪ್ರತಿಮೆ, ಇಷ್ಟನ್ನು ಕಂಡ ಕಣ್ಣಿಗೆ ಆ ಸಂತೆಯ ಗುರುತು ಸುಲಭವಾಗಿ ಸಿಗುವುದಿಲ್ಲ. ಆದ್ದರಿಂದಲೇ ಊರಿನ ಸುತ್ತಾಟವನ್ನು ಇಲ್ಲಿಂದಲೇ, ಸ್ವಲ್ಪ ಹೊತ್ತು ಸುಮ್ಮನೆ ನಿಂತು, ಆರಂಭಿಸುವುದು ಒಳ್ಳೆಯದು.

ಈ ಸಂತೆಯ ಬಗ್ಗೆ ಇಂದು ತಿಳಿದಿರುವುದರಲ್ಲಿ ಬಹುಪಾಲು ಇಬ್ಬರು ಜೆಸ್ವಿಟ್ ಪಾದ್ರಿಗಳ ಮೂಲಕ ಬಂದದ್ದು. ಮೊದಲನೆಯವನಾದ ಅಲೊನ್ಸೊ ದೆ ಸಂದೊವಾಲ್, ಹಡಗುಗಳ ಒಡಲಿಗೆ ಇಳಿದು, ಅಲ್ಲಿದ್ದವರ ನಾಡು, ನುಡಿ, ಮೈಮೇಲಿನ ಹಚ್ಚೆಗಳು, ಅವರು ಪಟ್ಟ ಪಾಡು ಎಲ್ಲವನ್ನೂ ವಿಚಾರಿಸಿ ದಾಖಲಿಸಿದ ಗ್ರಂಥವು 1627ರಲ್ಲಿ ಸೆವಿಲ್ಲೆಯಲ್ಲಿ ಅಚ್ಚಾಯಿತು. ಅವನ ಶಿಷ್ಯನಂತೆ ಬೆಳೆದ ಪೇದ್ರೊ ಕ್ಲಾವೆರ್, 1610ರಲ್ಲಿ ಕಾರ್ತಹೇನಕ್ಕೆ ಬಂದು 1654ರಲ್ಲಿ ಇಲ್ಲೇ ತೀರಿಕೊಳ್ಳುವವರೆಗೆ, ಹೊಸದಾಗಿ ಬಂದಿಳಿದ ಗುಲಾಮರಿಗೆ ನೀರು, ಹಣ್ಣು, ಔಷಧಿ ಹೊತ್ತು ಓಡಾಡಿದ. ತನ್ನನ್ನು ತಾನು ಆ ಗುಲಾಮರ ಗುಲಾಮನೆಂದು ಕರೆದುಕೊಂಡ. 1888ರಲ್ಲಿ ಸಂತ ಪದವಿಗೇರಿದ ಅವನ ಅಸ್ಥಿಗಳನ್ನು ಅವನದೇ ಹೆಸರಿನ ಚರ್ಚಿನ ಬಲಿಪೀಠದ ಕೆಳಗೆ ಗಾಜಿನ ಪೆಟ್ಟಿಗೆಯಲ್ಲಿ ಇರಿಸಲಾಗಿದೆ. ಈ ಕಥೆಯಲ್ಲಿ ಹೆಚ್ಚಾಗಿ ಮರೆತುಹೋಗುವ ಭಾಗವೊಂದಿದೆ: ಹತ್ತಾರು ಆಫ್ರಿಕನ್ ಭಾಷೆಗಳನ್ನಾಡುವ ಜನರೊಡನೆ ಕ್ಲಾವೆರ್ ಮಾತಾಡಿದ್ದು ಆಫ್ರಿಕನ್ ದುಭಾಷಿಗಳ ನೆರವಿನಿಂದ, ಮತ್ತು ಆ ದುಭಾಷಿಗಳು ಜೆಸ್ವಿಟರ ವಿದ್ಯಾಲಯವು ತನ್ನ ಒಡೆತನದಲ್ಲಿ ಇಟ್ಟುಕೊಂಡಿದ್ದ ಗುಲಾಮರೇ ಆಗಿದ್ದರು. ಅವನು ತೀರಿಕೊಂಡ ಮೇಲೆ ಸಂತ ಪದವಿಯ ವಿಚಾರಣೆಯಲ್ಲಿ ಅವರಲ್ಲಿ ಕೆಲವರು ಸಾಕ್ಷಿ ನುಡಿದುದರಿಂದಲೇ ಹಡಗಿನ ಒಡಲಿನ ಆ ದೃಶ್ಯಗಳು ನಮ್ಮ ಕಾಲದವರೆಗೆ ಉಳಿದುಬಂದಿವೆ. ಚರ್ಚಿನ ಗುಮ್ಮಟದ ಭವ್ಯತೆಯನ್ನು ನೋಡುವಾಗ ಸಂತನ ಜೊತೆಗೆ ಈ ದುಭಾಷಿಗಳನ್ನೂ ನೆನೆಯುವುದು ನ್ಯಾಯ.

ಇನ್ನು ಗೋಡೆಯ ವಿಷಯ. ಮೊದಮೊದಲು ಈ ಊರು ಮರ ಮತ್ತು ತಾಳೆಗರಿಯ ಮನೆಗಳ ನೆಲೆಯಾಗಿತ್ತು. 1552ರಲ್ಲಿ ಬೆಂಕಿ ಬಿದ್ದು ಊರು ಸುಟ್ಟುಹೋದ ಮೇಲೆ ಕಲ್ಲು, ಇಟ್ಟಿಗೆ, ಹೆಂಚಿನಿಂದಲೇ ಕಟ್ಟಬೇಕೆಂಬ ಕಟ್ಟಳೆ ಬಂತು. ಆದರೂ ಕಡಲ ಕಡೆಯಿಂದ ಬರುವವರನ್ನು ತಡೆಯುವ ಗಟ್ಟಿ ಕೋಟೆ ಇರಲಿಲ್ಲ. 1586ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಡ್ರೇಕ್ ಊರನ್ನು ಹಿಡಿದು, ವಾರಗಟ್ಟಲೆ ಕುಳಿತು, ಮನೆಗಳಿಗೆ ಬೆಂಕಿಯಿಟ್ಟು, ಆಗಿನ್ನೂ ಕಟ್ಟುತ್ತಿದ್ದ ಪ್ರಧಾನ ಚರ್ಚನ್ನು ಹಾಳುಗೆಡವಿ, ಕೊನೆಗೆ 1,07,000 ಡಕಟ್ ಎಂಬ ಚಿನ್ನದ ನಾಣ್ಯಗಳ ಲೆಕ್ಕದ ಒತ್ತೆಹಣವನ್ನು ವಸೂಲು ಮಾಡಿಕೊಂಡೇ ಹೊರಟ. ಈ ಅವಮಾನದ ಬೆನ್ನಲ್ಲೇ ಸ್ಪೇನಿನ ಅರಸು ಎರಡನೆಯ ಫಿಲಿಪ್, ಬತಿಸ್ತ ಆಂತೊನೆಲ್ಲಿ ಎಂಬ ಇಟಲಿಯ ಇಂಜಿನಿಯರನನ್ನು ಕೆರಿಬಿಯನ್ ಬಂದರುಗಳ ರಕ್ಷಣೆಗೆ ಕಳುಹಿಸಿದ. ಅವನ ಯೋಜನೆಯ ಮೇಲೆ ಅವನ ಸಂಬಂಧಿಯಾದ ಕ್ರಿಸ್ತೊಬಾಲ್ ದೆ ರೊದ 1614ರ ಸುಮಾರಿಗೆ ಕಲ್ಲಿನ ಕೆಲಸ ಆರಂಭಿಸಿದ; ಒಬ್ಬರಾದ ಮೇಲೊಬ್ಬರು ಇಂಜಿನಿಯರುಗಳ ಕೈ ದಾಟಿ, 1697ರಲ್ಲಿ ಫ್ರೆಂಚರು ಮತ್ತೆ ಊರನ್ನು ಸೂರೆ ಮಾಡಿದ ಮೇಲೆ ಬಹುಪಾಲು ದುರಸ್ತಿಗೊಂಡು, ಆಂತೊನಿಯೊ ದೆ ಅರೇವಲೊ ಎಂಬ ಇಂಜಿನಿಯರನ ಮೇಲ್ವಿಚಾರಣೆಯಲ್ಲಿ ಅದು ಪೂರ್ತಿಯಾಗುವಾಗ 18ನೇ ಶತಮಾನ ಮುಗಿಯುತ್ತ ಬಂದಿತ್ತು. ಎರಡು ಶತಮಾನಗಳ ಈ ಕೆಲಸದ ಕೊನೆಯ ಕಾಣಿಕೆ 'ಲಾಸ್ ಬೊವೆದಾಸ್' ಎಂಬ 23 ಕಮಾನುಕೊಠಡಿಗಳ ಸಾಲು. ದಾಸ್ತಾನಿಗೂ ಸೈನಿಕರ ವಾಸಕ್ಕೂ ಕಟ್ಟಿದ ಇವು ಮುಂದೆ ಸೆರೆಮನೆಯಾಗಿ, ಈಗ ಕರಕುಶಲ ವಸ್ತುಗಳ ಅಂಗಡಿಗಳಾಗಿವೆ.

ಫಿರಂಗಿಯ ಕಾಲದ ಈ ಗೋಡೆಯು ಹಳೆಯ ಎತ್ತರದ ಕೋಟೆಗೋಡೆಗಳಂತಲ್ಲ. ಗುಂಡು ತಗುಲಿದರೆ ಎತ್ತರದ ಗೋಡೆ ಬುಡದಿಂದ ಕುಸಿಯುತ್ತದೆಂಬುದನ್ನು ಅರಿತ ಇಟಲಿಯ ಇಂಜಿನಿಯರುಗಳು, ಗಿಡ್ಡವಾದ, ಬಲು ದಪ್ಪವಾದ, ಹೊರಮೈ ಇಳಿಜಾರಾದ ಗೋಡೆಯನ್ನು ಎರಡು ಕಲ್ಲಿನ ಪದರಗಳ ನಡುವೆ ಮಣ್ಣುತುಂಬಿ ಕಟ್ಟುವ ಕ್ರಮವನ್ನು ರೂಪಿಸಿದ್ದರು. ಗೋಡೆಯ ಮೂಲೆಗಳಲ್ಲಿ ಬಾಣದ ಮೊನೆಯಂತೆ ಮುಂದಕ್ಕೆ ಚಾಚಿದ ಕೊತ್ತಲಗಳಿದ್ದು, ಒಂದು ಕೊತ್ತಲದ ಬುಡಕ್ಕೆ ಬಂದ ಶತ್ರುವನ್ನು ಪಕ್ಕದ ಕೊತ್ತಲದ ಫಿರಂಗಿ ಹೊಡೆಯುವಂತೆ ಕೋನಗಳನ್ನು ಲೆಕ್ಕ ಹಾಕಿರುವುದರಿಂದ ಗೋಡೆಯ ಯಾವ ತುಂಡೂ ಕಾವಲಿನ ಕಣ್ಣಿಗೆ ಮರೆಯಾಗುವುದಿಲ್ಲ. ಕೊತ್ತಲಗಳ ತುದಿಯಲ್ಲಿ ಗುಮ್ಮಟದ ಟೋಪಿ ಹಾಕಿದಂತಿರುವ ಕಲ್ಲಿನ ಕಾವಲುಗೂಡುಗಳು ಇಂದು ಊರಿನ ಲಾಂಛನದಂತಾಗಿವೆ. ಸಾಂತೊ ದೊಮಿಂಗೊ ಕೊತ್ತಲದ ಮೇಲೆ ಸಂಜೆ ಜನ ಸೇರುವುದು ಸೂರ್ಯಾಸ್ತಕ್ಕಾದರೂ, ಗೋಡೆಯ ನಿಜವಾದ ಕುತೂಹಲ ಇರುವುದು ಕಾಲಬುಡದಲ್ಲಿ.

ಗೋಡೆಯ ಹತ್ತಿರ ಹೋಗಿ, ಬೆಳಗಿನ ಓರೆಬಿಸಿಲಿನಲ್ಲಿ, ಗಾರೆ ಉದುರಿದ ಒಂದು ಕಲ್ಲನ್ನು ಅಂಗೈಯಗಲದಷ್ಟು ಜಾಗದಲ್ಲಿ ನಿಟ್ಟಿಸಿದರೆ ಅದು ನಾವು ತಿಳಿದ ಕಲ್ಲಲ್ಲವೆಂಬುದು ಗೊತ್ತಾಗುತ್ತದೆ. ಅಲ್ಲಿ ಜೇನುಹುಟ್ಟಿನಂಥ ಸಣ್ಣ ಸಣ್ಣ ನಕ್ಷತ್ರಾಕಾರದ ಗುಳಿಗಳು, ಪಕ್ಕದ ಕಲ್ಲಿನಲ್ಲಿ ಮಿದುಳಿನ ಮಡಿಕೆಗಳಂತೆ ಸುತ್ತಿ ಸುತ್ತಿ ಹೋಗುವ ಗೆರೆಗಳು, ನಡುನಡುವೆ ಚಿಪ್ಪಿನ ಚೂರುಗಳು ಕಾಣುತ್ತವೆ. ಇವು ಹವಳದ ಕಲ್ಲುಗಳು. ಸಮುದ್ರದ ತಳದಲ್ಲಿ ಲಕ್ಷಾಂತರ ಪುಟ್ಟ ಜೀವಿಗಳು ತಮ್ಮ ಒಡಲ ಸುಣ್ಣವನ್ನು ಪದರಪದರವಾಗಿ ಬಿಟ್ಟು ಕಟ್ಟಿದ ದಿಬ್ಬಗಳನ್ನೇ ಕಡಿದು ತಂದು ಇಲ್ಲಿ ಜೋಡಿಸಲಾಗಿದೆ. ಸುತ್ತಲಿನ ದ್ವೀಪ ಮತ್ತು ಕರಾವಳಿಯ ಗಣಿಗಳಿಂದ ಈ ಕಲ್ಲು ದೋಣಿಯಲ್ಲಿ ಬರುತ್ತಿತ್ತು. ಕಲ್ಲುಗಳನ್ನು ಬೆಸೆಯುವ ಗಾರೆಯ ಸುಣ್ಣವೂ ಹವಳವನ್ನು ಭಟ್ಟಿಯಲ್ಲಿ ಸುಟ್ಟು ತೆಗೆದದ್ದೇ. ಕಡಿಯುವಾಗ ಮೆತ್ತಗಿದ್ದು ಗಾಳಿಗೆ ಬಿದ್ದಮೇಲೆ ಬಿಗಿಯುವ ಈ ಕಲ್ಲು ಕೆಲಸಕ್ಕೆ ಒಳ್ಳೆಯದಾಗಿತ್ತು. ಕೆಲಸವನ್ನಾದರೋ ಮಾಡಿದವರು ಅರಸೊತ್ತಿಗೆಯೇ ಕೊಂಡಿಟ್ಟುಕೊಂಡಿದ್ದ ಗುಲಾಮರು, ಬಾಡಿಗೆಗೆ ತಂದ ಖಾಸಗಿ ಗುಲಾಮರು, ಶಿಕ್ಷೆಗೊಳಗಾದ ಕೈದಿಗಳು, ಮತ್ತು ಅವರೊಡನೆ ಕೂಲಿ ಪಡೆಯುವ ಕಲ್ಲುಕುಟಿಗರು. ಎರಡು ಶತಮಾನಗಳ ಕಾಲ ಉಪ್ಪುಗಾಳಿಯಲ್ಲಿ, ಸುಣ್ಣದ ಧೂಳಿನಲ್ಲಿ ದುಡಿದ ಆ ಕೈಗಳ ಹೆಸರು ಯಾವ ಕೊತ್ತಲಕ್ಕೂ ಇಲ್ಲ. ಹೆಚ್ಚಿನ ಕೊತ್ತಲಗಳಿಗೆ ಇರುವುದು ಸಂತರ ಹೆಸರುಗಳು.

ಊರಿನ ಗೋಡೆಯಿಂದ ಸ್ವಲ್ಪ ದೂರದಲ್ಲಿ, ಸುಮಾರು 40 ಮೀಟರ್ ಎತ್ತರದ ಸಾನ್ ಲಾಸರೊ ಗುಡ್ಡವನ್ನೇ ಅಪ್ಪಿಕೊಂಡಂತೆ ಸಾನ್ ಫೆಲೀಪೆ ದೆ ಬರಾಹಾಸ್ ಕೋಟೆ ಕುಳಿತಿದೆ. 1657ರಲ್ಲಿ ತುದಿಯಲ್ಲಿ ಚಿಕ್ಕದೊಂದು ಕೋಟೆಯಾಗಿ ಹುಟ್ಟಿದ ಇದನ್ನು 1762ರಿಂದೀಚೆಗೆ ಅರೇವಲೊ ಗುಡ್ಡದ ಇಳಿಜಾರಿನ ಉದ್ದಕ್ಕೂ ಮೆಟ್ಟಿಲು ಮೆಟ್ಟಿಲಾಗಿ ವಿಸ್ತರಿಸಿದ. ಮೇಲಿನ ಹಂತ ಶತ್ರುವಿನ ವಶವಾಗದೆ ಕೆಳಗಿನ ಹಂತವನ್ನು ಉಳಿಸಿಕೊಳ್ಳಲಾಗದಂತೆ, ಒಂದರ ಮೇಲೊಂದು ನಿಗಾ ಇಡುವ ಫಿರಂಗಿಕಟ್ಟೆಗಳು ಇಲ್ಲಿವೆ. ಗುಡ್ಡದ ಒಡಲಲ್ಲಿ ಕೊರೆದ ಸುರಂಗಗಳಲ್ಲಿ ಒಬ್ಬರ ಹೆಜ್ಜೆ ಸಪ್ಪಳ ಬಲುದೂರ ಕೇಳಿಸುತ್ತದೆ. ಕತ್ತಲಲ್ಲಿ ಬರುವವರ ಸುಳಿವು ಕಾವಲಿನವನಿಗೆ ಮೊದಲೇ ಸಿಗಲು ಇದರಿಂದ ಅನುಕೂಲವಾಗುತ್ತಿತ್ತು. ನೆರಳಿಲ್ಲದ ಈ ಬೋಳುಕಲ್ಲಿನ ಏರನ್ನು ಬೆಳಗಿನ ಜಾವದ ನಂತರ ಬೇಗನೆ, ಬಿಸಿಲು ಬಲಿಯುವ ಮೊದಲು ಹತ್ತಿಳಿಯುವುದೇ ಲೇಸು.

ಈ ಗುಡ್ಡದ ಬುಡದಲ್ಲೇ 1741ರ ನಿರ್ಣಾಯಕ ಕಾಳಗ ನಡೆಯಿತು. ಸ್ಪೇನಿನೊಡನೆ ಯುದ್ಧ ಸಾರಿದ ಬ್ರಿಟನ್, ಅಡ್ಮಿರಲ್ ಎಡ್ವರ್ಡ್ ವರ್ನನ್‌ನ ಕೈಕೆಳಗೆ ಸುಮಾರು 180 ಹಡಗುಗಳನ್ನೂ 25 ಸಾವಿರದ ಆಸುಪಾಸಿನ ಜನರನ್ನೂ ಕಾರ್ತಹೇನದ ಮೇಲೆ ಕಳುಹಿಸಿತು. ಅಂದಿನ ಲೆಕ್ಕದಲ್ಲಿ ಅದೊಂದು ಅಸಾಧಾರಣ ನೌಕಾದಂಡು. ಊರನ್ನು ಕಾಯಲು ಇದ್ದವರು ವೈಸ್‌ರಾಯ್ ಸೆಬಾಸ್ತಿಯಾನ್ ದೆ ಎಸ್ಲಾವ ಮತ್ತು ನೌಕಾಧಿಕಾರಿ ಬ್ಲಾಸ್ ದೆ ಲೆಸೊ, ಆರು ಯುದ್ಧನೌಕೆಗಳು, ಸ್ಪೇನಿನ ಸೈನಿಕರ ಜೊತೆಗೆ ಸ್ವತಂತ್ರ ಕರಿಯರ ಹಾಗೂ ಮಿಶ್ರವರ್ಣದವರ ನಾಡಪಡೆ ಮತ್ತು ಮೂಲನಿವಾಸಿ ಬಿಲ್ಲಾಳುಗಳು. ಎಲ್ಲ ಸೇರಿ ಕೆಲವೇ ಸಾವಿರ. ಲೆಸೊ ಹಿಂದಿನ ಯುದ್ಧಗಳಲ್ಲಿ ಒಂದು ಕಾಲು, ಒಂದು ಕಣ್ಣು ಕಳೆದುಕೊಂಡು ಒಂದು ತೋಳು ಸ್ವಾಧೀನ ತಪ್ಪಿದ್ದವನು. ಬ್ರಿಟಿಷರು ಬೊಕಚೀಕದ ಕೋಟೆಯನ್ನು ಕೆಡವಿ ಕೊಲ್ಲಿಯೊಳಗೆ ಬಂದಾಗ, ಇನ್ನು ಊರು ಬಿದ್ದಂತೆಯೇ ಎಂಬ ಸುದ್ದಿ ಲಂಡನ್ನಿಗೆ ಹೋಗಿ, ಲೆಸೊ ವರ್ನನ್‌ನ ಮುಂದೆ ಮಂಡಿಯೂರಿದಂತೆ ಚಿತ್ರಿಸಿದ ಪದಕಗಳನ್ನು ಅಲ್ಲಿ ಟಂಕಿಸಿಬಿಟ್ಟರು. ಅವು ಇಂದಿಗೂ ವಸ್ತುಸಂಗ್ರಹಾಲಯಗಳಲ್ಲಿವೆ. ಏಪ್ರಿಲ್ 20ರ ನಸುಕಿನಲ್ಲಿ ಸಾನ್ ಲಾಸರೊ ಗುಡ್ಡಕ್ಕೆ ನಡೆಸಿದ ಲಗ್ಗೆ ವಿಫಲವಾಗಿ ನೂರಾರು ಮಂದಿ ಸತ್ತರು. ಮೇ ತಿಂಗಳಲ್ಲಿ ದಂಡು ಹಿಂದೆಗೆಯಿತು. ಆ ದಂಡಿನಲ್ಲಿದ್ದು ಬದುಕಿ ಮರಳಿದ ಲಾರೆನ್ಸ್ ವಾಷಿಂಗ್ಟನ್, ತನ್ನ ವರ್ಜೀನಿಯದ ಜಮೀನಿಗೆ ತನ್ನ ಅಡ್ಮಿರಲನ ನೆನಪಿಗಾಗಿ ಮೌಂಟ್ ವರ್ನನ್ ಎಂದು ಹೆಸರಿಟ್ಟ. ಮುಂದೆ ಅದು ಅವನ ಮಲತಮ್ಮ ಜಾರ್ಜ್ ವಾಷಿಂಗ್ಟನ್‌ನ ಮನೆಯಾಯಿತು.

ಆದರೆ ವರ್ನನ್‌ನ ದಂಡನ್ನು ಕೊಂದದ್ದು ಗುಂಡಿಗಿಂತ ಹೆಚ್ಚಾಗಿ ಜ್ವರ. ಹಳದಿ ಜ್ವರವೆಂಬ ಈ ಕಾಯಿಲೆಯೂ ಅದನ್ನು ಹರಡುವ ಈಡಿಸ್ ಜಾತಿಯ ಸೊಳ್ಳೆಯೂ ಆಫ್ರಿಕದಿಂದ ಗುಲಾಮರ ಹಡಗುಗಳ ನೀರಿನ ಪೀಪಾಯಿಗಳಲ್ಲೇ ಅಟ್ಲಾಂಟಿಕ್ ದಾಟಿ ಬಂದವು ಎಂಬುದು ಇತಿಹಾಸಕಾರರ ಅಭಿಪ್ರಾಯ. ಚಿಕ್ಕಂದಿನಲ್ಲಿ ಒಮ್ಮೆ ಈ ಜ್ವರ ಬಂದು ಉಳಿದವರಿಗೆ ಜೀವಮಾನವಿಡೀ ಅದು ಮತ್ತೆ ತಗುಲುವುದಿಲ್ಲವಾದ್ದರಿಂದ ಊರಿನವರಲ್ಲಿ ಬಹಳಷ್ಟು ಜನ ಸುರಕ್ಷಿತರಾಗಿದ್ದರು. ತಂಪುನಾಡಿನಿಂದ ಹೊಸದಾಗಿ ಬಂದವರು ಹುಳುಗಳಂತೆ ಸತ್ತರು. ಊರಿನಲ್ಲಿ ಸಿಹಿನೀರಿನ ಸೆಲೆಯಿಲ್ಲದ ಕಾರಣ ಪ್ರತಿ ದೊಡ್ಡ ಮನೆಯ, ಮಠದ, ಕೋಟೆಯ ಒಡಲಲ್ಲೂ 'ಅಲ್ಹೀಬೆ' ಎಂಬ ನೆಲದೊಳಗಿನ ತೊಟ್ಟಿ ಕಟ್ಟಿ, ಸೂರಿನಿಂದ ಇಳಿದ ಮಳೆನೀರನ್ನು ಅದರಲ್ಲಿ ಹಿಡಿದಿಡುತ್ತಿದ್ದರು. ನಿಂತ ತಿಳಿನೀರಿನಲ್ಲಿ ಮೊಟ್ಟೆಯಿಡುವ ಈ ಸೊಳ್ಳೆಗೆ ಅದಕ್ಕಿಂತ ಒಳ್ಳೆಯ ತಾಣವಿರಲಿಲ್ಲ. ಹೀಗೆ ನೋಡಿದರೆ ಕೋಟೆಗೋಡೆಯ ನಿಜವಾದ ಕೆಲಸ ಶತ್ರುವನ್ನು ಸೋಲಿಸುವುದಕ್ಕಿಂತ, ಮಳೆ ಹಿಡಿದು ಜ್ವರ ಏಳುವವರೆಗೆ ಅವನನ್ನು ಹೊರಗೆ ಕಾಯಿಸುವುದಾಗಿತ್ತು. ಲೆಸೊ ಕೂಡ ಅದೇ ವರ್ಷದ ಸೆಪ್ಟೆಂಬರಿನಲ್ಲಿ ತೀರಿಕೊಂಡ. ಅವನ ಕಂಚಿನ ಪ್ರತಿಮೆ ಕೋಟೆಯ ಬುಡದಲ್ಲಿ, ಕತ್ತಿ ಎತ್ತಿ ನಿಂತಿದೆ. 1741ರಲ್ಲಿ ಸತ್ತ ಬ್ರಿಟಿಷರ ನೆನಪಿಗೆ 2014ರಲ್ಲಿ ಇಲ್ಲಿ ಅನಾವರಣಗೊಂಡ ಫಲಕವೊಂದನ್ನು ಊರಿನವರ ಪ್ರತಿಭಟನೆಯಿಂದಾಗಿ ಕೆಲವೇ ದಿನಗಳಲ್ಲಿ ತೆಗೆಯಬೇಕಾಯಿತೆಂಬುದು, ಆ ಕಾಳಗ ಇಲ್ಲಿನವರಿಗೆ ಇನ್ನೂ ಹಳೆಯದಾಗಿಲ್ಲವೆಂಬುದನ್ನು ತೋರಿಸುತ್ತದೆ.

ಅರೇವಲೊ ಕಟ್ಟಿದ್ದರಲ್ಲಿ ಅತ್ಯಂತ ದೊಡ್ಡದು ಕಣ್ಣಿಗೆ ಕಾಣುವುದೇ ಇಲ್ಲ. ಬೊಕಗ್ರಾಂದೆಯ ಅಗಲವಾದ ಬಾಯಿಯನ್ನು ಮುಚ್ಚಲು 1771ರಿಂದ 1778ರ ನಡುವೆ ಕಡಲ ತಳದಲ್ಲಿ ಕಲ್ಲು ಸುರಿದು ಅವನು ನಿರ್ಮಿಸಿದ ನೀರೊಳಗಿನ ಗೋಡೆಯಿಂದಾಗಿ ದೊಡ್ಡ ಹಡಗುಗಳೆಲ್ಲ ಇಂದಿಗೂ ಬೊಕಚೀಕವನ್ನು ಸುತ್ತಿಯೇ ಬಂದರಿಗೆ ಬರಬೇಕು. ದೋಣಿಯಲ್ಲಿ ಬೊಕಚೀಕಕ್ಕೆ ಹೋಗಿ ಅಲ್ಲಿನ ಸಾನ್ ಫೆರ್ನಾಂದೊ ಕೋಟೆಯನ್ನು ನೋಡಿದವರಿಗೆ ಈ ಒತ್ತಾಯದ ಸುತ್ತುಬಳಸಿನ ಅರ್ಥ ಸ್ಪಷ್ಟವಾಗುತ್ತದೆ.

ಗೋಡೆಯೊಳಗಿನ ಮನೆಗಳು ಹೊರಗಿನಿಂದ ಬೀದಿಗೆ ಮುಖ ಕೊಟ್ಟಂತೆ ಕಂಡರೂ ಅವುಗಳ ಬಾಳು ಒಳಮುಖವಾದುದು. ನಡುವೆ ಆಕಾಶಕ್ಕೆ ತೆರೆದ ಅಂಗಳ, ಸುತ್ತ ಕಂಬಸಾಲಿನ ಪಡಸಾಲೆ, ಅಂಗಳದ ಮೂಲೆಯಲ್ಲಿ ಮಳೆನೀರಿನ ತೊಟ್ಟಿಯ ಬಾಯಿ. ನಮ್ಮ ತೊಟ್ಟಿಮನೆಗಳನ್ನು ಕಂಡವರಿಗೆ ಈ ವಿನ್ಯಾಸ ಅಪರಿಚಿತವೆನಿಸದು. ಕುದುರೆಯ ಮೇಲೆ ಕುಳಿತವರು ಹಾಗೆಯೇ ಒಳಬರುವಷ್ಟು ಎತ್ತರದ ಬಾಗಿಲುಗಳಲ್ಲಿ ಜನರ ಓಡಾಟಕ್ಕೆಂದು ದಿಡ್ಡಿಬಾಗಿಲು ಬಿಟ್ಟಿದ್ದು, ಅವಕ್ಕೆ ಜಡಿದ ಕಂಚಿನ ಬಡಿಹಿಡಿಗಳು ಓತಿ, ಮೀನು, ಸಿಂಹ, ಹಸ್ತ ಮುಂತಾದ ಆಕಾರಗಳಲ್ಲಿವೆ. ಮನೆಯೊಡೆಯನ ಕುಲ ಅಥವಾ ಕಸುಬನ್ನು ಇವು ಸೂಚಿಸುತ್ತಿದ್ದವೆಂದು ಊರಿನ ಮಾರ್ಗದರ್ಶಕರು ವಿವರಿಸುತ್ತಾರೆ. ಅತಿ ಚೆಲುವಾದ ಹೆಬ್ಬಾಗಿಲು ಇರುವುದು ಬೊಲಿವಾರ್ ಚೌಕದ ಬದಿಯ ಧರ್ಮವಿಚಾರಣೆಯ ಅರಮನೆಗೆ. ಕ್ಯಾಥೊಲಿಕ್ ಮತದ ಕಟ್ಟಳೆ ಮೀರಿದವರನ್ನು ಹಿಡಿದು ದಂಡಿಸುವ ಈ ನ್ಯಾಯಪೀಠ 1610ರಲ್ಲಿ ಇಲ್ಲಿ ಸ್ಥಾಪನೆಯಾಯಿತು. ಈಗಿರುವ ಕಟ್ಟಡ 1770ರದು. ಪಕ್ಕದ ಬೀದಿಯ ಗೋಡೆಯಲ್ಲಿ, ಮೇಲೊಂದು ಶಿಲುಬೆಯಿರುವ ಪುಟ್ಟ ಕಿಟಕಿಯ ಮೂಲಕ ನೆರೆಹೊರೆಯವರ ಮೇಲೆ ಗುಟ್ಟಾಗಿ ದೂರು ಹೇಳಬಹುದಿತ್ತು. ಪಾವ್ಲ ದೆ ಎಗಿಲುಸ್ ಎಂಬ ಆಫ್ರಿಕನ್ ಮೂಲದ ನಾಟಿವೈದ್ಯೆಯನ್ನು ಮಾಟಗಾತಿಯೆಂಬ ಆಪಾದನೆಯ ಮೇಲೆ 17ನೇ ಶತಮಾನದಲ್ಲಿ ಈ ನ್ಯಾಯಪೀಠ ಮೂರು ಬಾರಿ ವಿಚಾರಣೆಗೆ ಗುರಿಪಡಿಸಿತು. ಗುಲಾಮಳಾಗಿ ಹುಟ್ಟಿದ ಒಬ್ಬ ಹೆಣ್ಣಿನ ಮಾತುಗಳು, ಅವಳನ್ನು ಪೀಡಿಸಿದವರ ಕಡತದಲ್ಲೇ ಆದರೂ, ಇಷ್ಟು ವಿವರವಾಗಿ ಉಳಿದುಬಂದಿರುವುದು ಅಪರೂಪ.

ಕಲ್ಲಿನ ಸಿರಿಮನೆಗಳ ಕೇಂದ್ರಭಾಗದಿಂದ ಹೊರಗೆ, ಹಿಂದೆ ನೀರಿನ ಆಚೆಗಿದ್ದ ಹೆತ್ಸೆಮನಿ ಕೇರಿಯು ಕಮ್ಮಾರರು, ಬಡಗಿಗಳು, ದೋಣಿಕಾರರು, ಬಿಡುಗಡೆ ಪಡೆದ ಆಫ್ರಿಕನ್ನರು ನೆಲೆಸಿದ್ದ ದುಡಿಮೆಗಾರರ ಕೇರಿ. 1811ರ ನವೆಂಬರ್ 11ರಂದು ಸ್ಪೇನಿನಿಂದ ಪೂರ್ಣ ಸ್ವಾತಂತ್ರ್ಯ ಘೋಷಿಸುವಂತೆ ಊರಿನ ಗಣ್ಯರ ಸಭೆಯನ್ನು ಒತ್ತಾಯಿಸಿದ್ದು, ಕ್ಯೂಬಾದಿಂದ ಬಂದ ಪೇದ್ರೊ ರೊಮೇರೊ ಎಂಬ ಕಮ್ಮಾರನ ಮುಂದಾಳುತನದಲ್ಲಿ ನುಗ್ಗಿಬಂದ ಈ ಕೇರಿಯ ಜನ. ಅದಾದ ನಾಲ್ಕೇ ವರ್ಷಕ್ಕೆ, 1815ರಲ್ಲಿ, ಸ್ಪೇನಿನ ಸೇನಾನಿ ಪಾಬ್ಲೊ ಮೊರಿಯ್ಯೊ ಊರಿಗೆ ಮುತ್ತಿಗೆ ಹಾಕಿದ. ಸ್ಪೇನ್ ತಾನೇ ಎರಡು ಶತಮಾನ ಹಣ ಸುರಿದು ಕಟ್ಟಿದ್ದ ಗೋಡೆಯನ್ನು ಮುರಿಯುವ ಗೊಡವೆಗೆ ಹೋಗದೆ, ನೆಲ ಜಲ ಎರಡೂ ಕಡೆಯ ದಾರಿ ಕಟ್ಟಿ ಅವನು ಕಾದುಕುಳಿತ. ನೂರಕ್ಕೂ ಹೆಚ್ಚು ದಿನಗಳಲ್ಲಿ, ಕುದುರೆ, ನಾಯಿ, ಇಲಿ, ತೊಗಲು ಎಲ್ಲವೂ ಆಹಾರವಾಗಿ ಮುಗಿದು, ಸುಮಾರು 6,000 ಜನ, ಅಂದರೆ ಊರಿನ ಮೂರರಲ್ಲೊಂದು ಪಾಲು, ಹಸಿವು ಮತ್ತು ರೋಗದಿಂದ ಸತ್ತರು. ಕಾರ್ತಹೇನಕ್ಕೆ 'ಲಾ ಎರೊಯಿಕ', ವೀರನಗರ, ಎಂಬ ಬಿರುದು ಬಂದದ್ದು ಈ ಯಾತನೆಯಿಂದಾಗಿ.

ಆಮೇಲೆ ಊರು ಬಡವಾಯಿತು, ಮತ್ತು ಆ ಬಡತನವೇ ಹಳೆಯ ಕಟ್ಟಡಗಳನ್ನು ಉಳಿಸಿತು. ಕೆಡವಿ ಹೊಸತು ಕಟ್ಟುವಷ್ಟು ಹಣ ಯಾರಲ್ಲೂ ಇರಲಿಲ್ಲ. 19ನೇ ಶತಮಾನದ ಕೊನೆ ಮತ್ತು 20ನೇ ಶತಮಾನದ ಆರಂಭದಲ್ಲಿ ಸ್ವಲ್ಪ ಚೇತರಿಕೆ ಕಂಡೊಡನೆ, ಗಾಳಿಗೂ ಓಡಾಟಕ್ಕೂ ಅಡ್ಡಿಯೆಂದು ಹೇಳಿ ಗೋಡೆಯ ಉದ್ದುದ್ದ ಭಾಗಗಳನ್ನು ಒಡೆದುಹಾಕಿದ್ದು ದುಃಖದ ಸಂಗತಿ. ಉಳಿದ ಗೋಡೆ, ಬಂದರು, ಕೋಟೆಗಳನ್ನು 1984ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 1948ರಲ್ಲಿ ಇಲ್ಲಿಗೆ ಬಂದು 'ಎಲ್ ಉನಿವೆರ್ಸಾಲ್' ಪತ್ರಿಕೆಯಲ್ಲಿ ಬರೆಯತೊಡಗಿದ ಗಾಬ್ರಿಯೆಲ್ ಗಾರ್ಸಿಯ ಮಾರ್ಕೆಸ್ ಕಂಡದ್ದು ಪಟ್ಟಿಗೆ ಸೇರುವ ಮೊದಲಿನ, ಬಣ್ಣ ಮಾಸಿದ ಊರನ್ನು; ಅವನ ಚಿತಾಭಸ್ಮವನ್ನು 2016ರಲ್ಲಿ ವಿಶ್ವವಿದ್ಯಾಲಯದ ಲಾ ಮೆರ್ಸೆದ್ ಮಠದ ಅಂಗಳದಲ್ಲಿ ಇರಿಸಲಾಗಿದೆ. ಅವನ 1994ರ ಕಾದಂಬರಿಯೊಂದಕ್ಕೆ ನೆಲೆಯಾದ ಸಾಂತ ಕ್ಲಾರ ಸನ್ಯಾಸಿನಿಯರ ಮಠ ಈಗ ಐಷಾರಾಮಿ ಹೋಟೆಲು. ಹೆತ್ಸೆಮನಿಯಲ್ಲಿ ಕೂಡ ತಲೆಮಾರುಗಳಿಂದ ಇದ್ದ ಮನೆಗಳು ಒಂದೊಂದಾಗಿ ತಂಗುದಾಣಗಳಾಗುತ್ತಿರುವುದರಿಂದ, ಸ್ವಾತಂತ್ರ್ಯಕ್ಕೆ ನಾಂದಿ ಹಾಡಿದವರ ವಂಶಸ್ಥರಿಗೆ ಅಲ್ಲೇ ಬದುಕುವುದು ಕಷ್ಟವಾಗುತ್ತಿದೆ.

ಊರಿನಿಂದ ಆಗ್ನೇಯಕ್ಕೆ ಸುಮಾರು 50 ಕಿಲೋಮೀಟರ್ ದೂರದಲ್ಲಿ, ಬೆಟ್ಟಸಾಲಿನ ತಪ್ಪಲಿನಲ್ಲಿರುವ ಸಾನ್ ಬಸೀಲಿಯೊ ದೆ ಪಲೆಂಕೆ ಎಂಬ ಹಳ್ಳಿಯನ್ನು ಕಾಣದೆ ಕಾರ್ತಹೇನದ ದರ್ಶನ ಪೂರ್ಣವಾಗದು. 'ಪಲೆಂಕೆ' ಎಂದರೆ ಮರದ ಗೂಟಗಳ ಬೇಲಿ. ಗುಲಾಮಗಿರಿಯಿಂದ ತಪ್ಪಿಸಿಕೊಂಡವರು ಕಾಡಿನಲ್ಲಿ ಬೇಲಿ ಹಾಕಿ ಕಟ್ಟಿಕೊಂಡ ನೆಲೆಗಳಿಗೆ ಈ ಹೆಸರು ಬಂತು. ಬೆಂಕೊಸ್ ಬಿಯೊಹೊ ಎಂಬ ನಾಯಕ 17ನೇ ಶತಮಾನದ ಆರಂಭದಲ್ಲಿ ಇಂಥ ನೆಲೆಯೊಂದನ್ನು ಕಟ್ಟಿ ಸ್ಪ್ಯಾನಿಷ್ ಅಧಿಕಾರಿಗಳೇ ಸಂಧಿಗೆ ಬರುವಂತೆ ಮಾಡಿದ. ಸಂಧಿಯನ್ನು ಮುರಿದ ಅಧಿಕಾರಿಗಳು 1621ರಲ್ಲಿ ಅವನನ್ನು ಕಾರ್ತಹೇನದಲ್ಲಿ ಗಲ್ಲಿಗೇರಿಸಿದರು. ಆದರೂ ಪಲೆಂಕೆಗಳು ಅಳಿಯಲಿಲ್ಲ. 18ನೇ ಶತಮಾನದ ಆರಂಭದಲ್ಲಿ ಬಿಷಪ್ ಒಬ್ಬನ ಮಧ್ಯಸ್ಥಿಕೆಯಲ್ಲಿ ಸಾನ್ ಬಸೀಲಿಯೊದ ಜನರ ಸ್ವಾತಂತ್ರ್ಯಕ್ಕೆ ಮಾನ್ಯತೆ ದೊರೆಯಿತು. ಉಳಿದ ದೇಶದಲ್ಲಿ ಗುಲಾಮಗಿರಿ ಕೊನೆಗೊಂಡದ್ದು 1852ರ ಜನವರಿ 1ರಂದು. ಈ ಹಳ್ಳಿಯ ನುಡಿ ಪಲೆಂಕೇರೊ, ಸ್ಪ್ಯಾನಿಷ್ ಶಬ್ದಸಂಪತ್ತಿನೊಳಗೆ ಮಧ್ಯ ಆಫ್ರಿಕದ ಕಿಕೊಂಗೊ ಭಾಷೆಯ ಎಲುಬುಗಳನ್ನು ಉಳಿಸಿಕೊಂಡ ಬೆರಕೆನುಡಿ. ಬಹುವಚನವನ್ನು ಪದದ ಕೊನೆಗಲ್ಲದೆ ಮೊದಲಿಗೆ 'ಮಾ' ಸೇರಿಸಿ ಹೇಳುವುದು, ದನಕ್ಕೆ 'ಙ್ಗೊಂಬೆ' ಎನ್ನುವುದು ಕಿಕೊಂಗೊದ ಬಳುವಳಿ. ಯುನೆಸ್ಕೊ 2005ರಲ್ಲಿ ಈ ಹಳ್ಳಿಯ ಸಂಸ್ಕೃತಿಯನ್ನು ಮನುಕುಲದ ಮೌಖಿಕ ಪರಂಪರೆಯ ಮೇರುಕೃತಿಗಳಲ್ಲಿ ಒಂದೆಂದು ಸಾರಿತು.

ಕಾರ್ತಹೇನದ ಬೀದಿಗಳಲ್ಲಿ ಹಳದಿ, ನೀಲಿ, ಕೆಂಪು ನೆರಿಗೆಯ ಉಡುಪು ತೊಟ್ಟು, ತಲೆಯ ಮೇಲೆ ಹಣ್ಣಿನ ಬೋಗುಣಿ ಹೊತ್ತು ನಡೆಯುವ ಹೆಂಗಸರು ಈ ಹಳ್ಳಿಯವರು; ಅವರಿಗೆ ಪಲೆಂಕೇರ ಎಂದೇ ಹೆಸರು. ಪ್ರವಾಸಿಗರಿಗೆ ಅವರು ಒಂದು ಬಣ್ಣದ ಚಿತ್ರವಾಗಿಬಿಟ್ಟಿದ್ದಾರೆ, ಪಟ ತೆಗೆಸಿಕೊಳ್ಳಲು ಅವರೂ ಹಣ ಕೇಳುತ್ತಾರೆ, ಕೇಳುವುದು ಸರಿಯೇ. ಆದರೆ ಅವರ ಕಸುಬು ಪಟಕ್ಕೆ ನಿಲ್ಲುವುದಲ್ಲ, ಹಣ್ಣು ಮತ್ತು ಸಿಹಿ ಮಾರುವುದು. ಗಾಡಿಗಳ ಚೌಕದ ಬದಿಯ 'ಮಿಠಾಯಿಗಳ ಕಮಾನುಸಾಲಿ'ನಲ್ಲಿ, ಗಾಜಿನ ಭರಣಿಗಳ ಹಿಂದೆ ಕುಳಿತ ಹೆಂಗಸರು ಮಾರುವ ಸಿಹಿಗಳಲ್ಲಿ ಕೊಬ್ಬರಿ ಮಿಠಾಯಿಯನ್ನು ಹೋಲುವ ಕೊಕಾದ, ಹುಣಸೆಹಣ್ಣಿನ ಉಂಡೆ, ಬೆಲ್ಲದಲ್ಲಿ ಬೇಯಿಸಿದ ಪರಂಗಿಯ ಎಳೆಗಳು ಇವೆ. ಇವುಗಳ ನಡುವೆ 'ಅಲೆಗ್ರೀಯ' ಎಂಬ ಉಂಡೆಯೊಂದನ್ನು ಕೈಗೆತ್ತಿಕೊಂಡು ಮುರಿದರೆ, ಅರಳಾಗಿ ಹುರಿದ ಸಿರಿಧಾನ್ಯದ ಕಾಳುಗಳು, ತೆಂಗಿನ ತುರಿ, ಸೋಂಪಿನ ಘಮ, ಎಲ್ಲವನ್ನೂ ಹಿಡಿದಿಟ್ಟ ಬೆಲ್ಲದ ಪಾಕ ಕಾಣುತ್ತದೆ. ತಂಬಿಟ್ಟು ತಿಂದು ಬೆಳೆದವರಿಗೆ ಅದರ ರುಚಿ ಹೊಸದೆನಿಸದು. ಕಾಳು ಆಫ್ರಿಕದಿಂದ ಬಂತು. ಅಟ್ಲಾಂಟಿಕ್ ತೀರದ ತೆಂಗು ಹಿಂದೂ ಮಹಾಸಾಗರದ ಕರಾವಳಿಗಳ ತಳಿಯೆಂದು ಜೀವತಳಿ ಪರೀಕ್ಷೆಗಳು ತೋರಿಸಿವೆ. ಪೋರ್ಚುಗೀಸರ ಹಡಗುಗಳಲ್ಲಿ ಪಶ್ಚಿಮ ಆಫ್ರಿಕದ ದ್ವೀಪಗಳಿಗೆ, ಅಲ್ಲಿಂದ ಕೆರಿಬಿಯನ್ನಿಗೆ ಅದು ತಲುಪಿತು. ಕಬ್ಬು ಏಷ್ಯದ ಬೆಳೆ. ಇಲ್ಲಿ ಅದನ್ನು ಗಾಣಕ್ಕೆ ಕೊಟ್ಟವರು ಗುಲಾಮರು. 'ಅಲೆಗ್ರೀಯ' ಎಂದರೆ ಸ್ಪ್ಯಾನಿಷಿನಲ್ಲಿ ಸಂತೋಷ. ಅದನ್ನು ಮಾರುವ ಪಲೆಂಕೆಯ ಹೆಂಗಸರು ಗಿರಾಕಿಯೊಡನೆ ಸ್ಪ್ಯಾನಿಷ್ ಆಡಿ, ಚಿಲ್ಲರೆ ಕೊಟ್ಟು, ಮತ್ತೆ ತಮ್ಮತಮ್ಮೊಳಗಿನ ಮಾತಿಗೆ, ಒಮ್ಮೊಮ್ಮೆ ತಮ್ಮ ಹಳ್ಳಿಯ ನುಡಿಗೇ, ಮರಳುತ್ತಾರೆ. ಅವರ ಎದುರಿಗಿರುವುದು ಅವರ ಪೂರ್ವಿಕರಿಗೆ ಬೆಲೆ ಕಟ್ಟಿದ ಅದೇ ಚೌಕ.